ನೆಲಮಾಳಿಗೆಯ ಮೂರು ವರ್ಷ

2014ರ ಏಪ್ರಿಲ್ 15ರಂದು ಬ್ಯಾರಿ ಓಫಾರೆಲ್ ಸಿಡ್ನಿಯ ಭ್ರಷ್ಟಾಚಾರ ವಿರೋಧಿ ಆಯೋಗದ ಮುಂದೆ ಸಾಕ್ಷಿ ಹೇಳಲು ಕೂತರು. ಆಗ ಅವರು ನ್ಯೂ ಸೌತ್ ವೇಲ್ಸ್ ರಾಜ್ಯದ ಪ್ರೀಮಿಯರ್, ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. ಮೂರು ವರ್ಷದ ಹಿಂದೆ ಚುನಾವಣೆ ಗೆದ್ದಾಗ ಉದ್ಯಮಿಯೊಬ್ಬರು ಅವರ ಮನೆಗೆ ಒಂದು ಬಾಟಲಿ ವೈನ್ ಕಳಿಸಿದ್ದರಂತೆ, ಬೆಲೆ ಸುಮಾರು 3,000 ಡಾಲರ್. ಅದು ತಲುಪಿದ್ದೇ ನೆನಪಿಲ್ಲ ಎಂದರು ಓಫಾರೆಲ್. ಮರುದಿನ ಬೆಳಗಾಗುವಷ್ಟರಲ್ಲಿ ಅವರದೇ ಕೈಬರಹದ ಚೀಟಿಯೊಂದು ಹೊರಬಂತು. ವೈನ್ ಸೊಗಸಾಗಿದೆ ಎಂದು ಅದರಲ್ಲಿ ಥ್ಯಾಂಕ್ಸ್ ಹೇಳಿದ್ದರು. ಜೊತೆಗೆ 1959 ಒಳ್ಳೆಯ ವರ್ಷವೇ, ಆದರೆ ದಿನೇದಿನೇ ದೂರವಾಗುತ್ತಿದೆ ಎಂದು ತಮಾಷೆಯನ್ನೂ ಮಾಡಿದ್ದರು. 1959 ಅವರು ಹುಟ್ಟಿದ ಇಸವಿ, ಬಾಟಲಿಯ ಮೇಲಿದ್ದದ್ದೂ ಅದೇ. ಅಂದೇ ಅವರು ರಾಜೀನಾಮೆ ಘೋಷಿಸಿದರು. ಬೇಕೆಂದೇ ಸುಳ್ಳು ಹೇಳಿದ್ದಲ್ಲ ಎಂದು ಆಯೋಗ ಆಮೇಲೆ ಒಪ್ಪಿಕೊಂಡಿತು. 2020ರಲ್ಲಿ ಇದೇ ಓಫಾರೆಲ್ ಆಸ್ಟ್ರೇಲಿಯಾದ ಹೈಕಮಿಷನರ್ ಆಗಿ ದೆಹಲಿಗೂ ಬಂದರು. ಕುರ್ಚಿ ಮಾತ್ರ ಹೋದದ್ದು ಹೋಯಿತು.

ಆ ಬಾಟಲಿಯ ಹೆಸರು ಪೆನ್‌ಫೋಲ್ಡ್ಸ್ ಗ್ರೇಂಜ್. ಆಸ್ಟ್ರೇಲಿಯಾದಲ್ಲಿ ವೈನ್ ಕುಡಿಯದವರಿಗೂ ಗೊತ್ತಿರುವ ಹೆಸರು. ರಾಜಕೀಯದ ಕತೆ ಅತ್ತಿರಲಿ, ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಇಸವಿ. ಕಂಪನಿಯ ಅಪ್ಪಣೆಯಂತೆ ಎಲ್ಲವೂ ನಡೆದಿದ್ದರೆ 1959ರ ಗ್ರೇಂಜ್ ಎಂಬುದು ಈ ಭೂಮಿಯ ಮೇಲೆ ಇರಲೇಬಾರದಿತ್ತು.

ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್ ನಗರಕ್ಕೆ ಪೂರ್ವದಲ್ಲಿ, ಬೆಟ್ಟಗಳ ತಪ್ಪಲಿನಲ್ಲಿ ಮಗಿಲ್ ಎಂಬ ಜಾಗವಿದೆ. 1844ರಲ್ಲಿ ಇಂಗ್ಲೆಂಡಿನಿಂದ ಬಂದ ಡಾಕ್ಟರ್ ಕ್ರಿಸ್ಟಫರ್ ರಾಸನ್ ಪೆನ್‌ಫೋಲ್ಡ್ ಅಲ್ಲಿ ಜಮೀನು ಕೊಂಡು, ಕಲ್ಲಿನ ಸಣ್ಣ ಮನೆ ಕಟ್ಟಿಸಿದರು. ಹೆಂಡತಿ ಮೇರಿ ಇಂಗ್ಲೆಂಡಿನಲ್ಲಿ ಬಿಟ್ಟುಬಂದ ಮನೆಯ ಹೆಸರನ್ನೇ ಇದಕ್ಕೂ ಇಟ್ಟರು: ಗ್ರೇಂಜ್. ಸುತ್ತ ದ್ರಾಕ್ಷಿ ಬಳ್ಳಿ ನೆಟ್ಟರು. ಡಾಕ್ಟರರ ಮಟ್ಟಿಗೆ ವೈನ್ ಎಂದರೆ ಔಷಧ, ರಕ್ತಹೀನತೆಯಿಂದ ಸೊರಗಿದ ರೋಗಿಗಳಿಗೆ ಬರೆದುಕೊಡುವ ಟಾನಿಕ್ಕು. ನಮ್ಮಲ್ಲಿ ದ್ರಾಕ್ಷಾಸವ ಕೊಡುತ್ತಿದ್ದ ಪಂಡಿತರಿಗೆ ಇದು ಹೊಸ ವಿಷಯವೇನಲ್ಲ. ಡಾಕ್ಟರರು ರೋಗಿಗಳ ಹಿಂದೆ ಓಡಾಡುತ್ತಿದ್ದರೆ ತೋಟ, ಆಳು, ಪೀಪಾಯಿ, ಲೆಕ್ಕ ಎಲ್ಲ ನೋಡಿಕೊಂಡವರು ಮೇರಿ. 1870ರಲ್ಲಿ ಗಂಡ ತೀರಿಕೊಂಡ ಮೇಲೂ ಎದೆಗುಂದದೆ ವ್ಯವಹಾರವನ್ನು ದೊಡ್ಡದು ಮಾಡಿದರು. ಲೇಬಲ್ಲಿನ ಮೇಲೆ ಡಾಕ್ಟರರ ಮನೆತನದ ಹೆಸರು ಉಳಿಯಿತು, ಕೆಲಸ ಮೇರಿಯದು. ಈ ಬಗೆಯ ಲೇಬಲ್ಲುಗಳು ಜಗತ್ತಿನ ತುಂಬ ಇವೆ.

ಮುಂದಿನ ಎಪ್ಪತ್ತೆಂಬತ್ತು ವರ್ಷ ಕಂಪನಿ ಬೆಳೆದದ್ದು ಬೇರೆಯೇ ಸರಕಿನಿಂದ. ಆಗ ಆಸ್ಟ್ರೇಲಿಯನ್ನರು ವೈನ್ ಎಂದು ಕುಡಿಯುತ್ತಿದ್ದದ್ದರಲ್ಲಿ ಬಹುಪಾಲು ಶೆರ್ರಿ ಮತ್ತು ಪೋರ್ಟ್, ಅಂದರೆ ದ್ರಾಕ್ಷಿಯ ಸ್ಪಿರಿಟ್ ಬೆರೆಸಿ ಮತ್ತೇರಿಸಿದ ಪೇಯಗಳು. ಬಿಸಿಲ ದೇಶ, ಹಡಗಿನಲ್ಲಿ ಬ್ರಿಟನ್ನಿಗೆ ಹೋಗುವಷ್ಟರಲ್ಲಿ ಕೆಡಬಾರದು, ಕುಡಿದವರಿಗೆ ಬೇಗ ಏರಬೇಕು. ಊಟದ ಜೊತೆ ನಿಧಾನವಾಗಿ ಹೀರುವ ಸಾದಾ ಕೆಂಪು ವೈನಿಗೆ ಗಿರಾಕಿಗಳೇ ಕಡಿಮೆ. ಅದನ್ನು 20 ವರ್ಷ ಮಾಳಿಗೆಯಲ್ಲಿಟ್ಟು ಕಾಯುವುದು ಯಾರ ಕನಸಿನಲ್ಲೂ ಇರಲಿಲ್ಲ.

ಅಂಥ ಕಾಲದಲ್ಲಿ, 1931ರಲ್ಲಿ, ಪೆನ್‌ಫೋಲ್ಡ್ಸ್ ಕಂಪನಿಯ ನೂರಿಯೂಟ್ಪ ವೈನರಿಗೆ 16ರ ಹುಡುಗನೊಬ್ಬ ಕೆಲಸಕ್ಕೆ ಸೇರಿದ. ಕಾಗದಪತ್ರ ಒಯ್ದುಕೊಡುವ ಪೋರನ ಕೆಲಸ. ಹೆಸರು ಮ್ಯಾಕ್ಸ್ ಶೂಬರ್ಟ್. ಹುಟ್ಟಿದ್ದು 1915ರಲ್ಲಿ, ಬರೋಸಾ ಕಣಿವೆಯ ಅಂಚಿನ ಮೊಕಲ್ಟಾ ಎಂಬ ಹಳ್ಳಿಯಲ್ಲಿ. 1840ರ ದಶಕದಿಂದ ಆ ಕಣಿವೆಗೆ ವಲಸೆ ಬಂದು ಬೇರೂರಿದ್ದ ಜರ್ಮನ್ ಲೂಥರನ್ ಕುಟುಂಬಗಳಲ್ಲಿ ಒಂದು ಅವನದು. ಹುಡುಗ ಚುರುಕು. ಕೆಲಸ ಮಾಡುತ್ತಲೇ ರಸಾಯನಶಾಸ್ತ್ರ ಕಲಿತ, ಒಂದೊಂದೇ ಮೆಟ್ಟಿಲು ಹತ್ತಿದ. ಎರಡನೇ ಮಹಾಯುದ್ಧ ಬಂದಾಗ ಸೈನ್ಯ ಸೇರಿ ಉತ್ತರ ಆಫ್ರಿಕಾ, ಗ್ರೀಸ್, ಕ್ರೀಟ್, ನ್ಯೂ ಗಿನಿ ಎಲ್ಲ ಕಂಡುಬಂದ. 1948ರಲ್ಲಿ, 33ರ ಪ್ರಾಯಕ್ಕೆ, ಕಂಪನಿಯ ಮುಖ್ಯ ವೈನ್ ತಯಾರಕನಾದ.

ಶೂಬರ್ಟರ ಹೆಸರು ಬರುವಲ್ಲೆಲ್ಲ ಇನ್ನೊಬ್ಬರ ಹೆಸರೂ ಬರಬೇಕು, ಸಾಮಾನ್ಯವಾಗಿ ಬರುವುದಿಲ್ಲ. ರೇ ಬೆಕ್ವಿತ್ ಎಂಬ ರಸಾಯನ ತಜ್ಞರು 1935ರಿಂದ ಪೆನ್‌ಫೋಲ್ಡ್ಸ್‌ನಲ್ಲಿದ್ದರು. ಪೀಪಾಯಿಗಟ್ಟಲೆ ವೈನ್ ಬ್ಯಾಕ್ಟೀರಿಯಾ ತಗುಲಿ ಕೆಟ್ಟುಹೋಗುವುದು ಆಗಿನ ವೈನರಿಗಳ ದೊಡ್ಡ ತಲೆನೋವು. ವೈನಿನ ಪಿಎಚ್ ಅಳೆದು, ಅದನ್ನು ಒಂದು ಮಿತಿಯೊಳಗೆ ಇಟ್ಟರೆ ಈ ಕಾಟ ನಿಲ್ಲುತ್ತದೆಂದು ಬೆಕ್ವಿತ್ ತೋರಿಸಿಕೊಟ್ಟರು. ಹುಳಿ ಸಾಲದಿದ್ದರೆ ಟಾರ್ಟಾರಿಕ್ ಆಮ್ಲ ಸೇರಿಸುವುದು. ಅದು ಹುಣಸೆಹಣ್ಣಿನಲ್ಲಿರುವ ಹುಳಿಯೇ, ದ್ರಾಕ್ಷಿಯಲ್ಲೂ ಇರುವಂಥದ್ದು. ಹುಳಿ ಸರಿಯಿದ್ದರೆ ಸಾರು ಮರುದಿನಕ್ಕೂ ನಿಲ್ಲುತ್ತದೆ ಎಂದು ನಮ್ಮ ಅಡುಗೆಮನೆಗಳಲ್ಲಿ ಹೇಳುವುದಿಲ್ಲವೇ, ಹೆಚ್ಚುಕಡಿಮೆ ಅದೇ ಮಾತು, ಅಳತೆಯ ಸಮೇತ. ಇಂದು ಪಿಎಚ್ ನೋಡದೆ ವೈನ್ ಮಾಡುವ ದೊಡ್ಡ ವೈನರಿ ಇಲ್ಲ. ದಶಕಗಟ್ಟಲೆ ಬಾಳುವ ವೈನಿನ ಕನಸು ಕಾಣಲು ಶೂಬರ್ಟರಿಗೆ ಕಾಲೂರುವ ನೆಲ ಸಿಕ್ಕಿದ್ದು ಇಲ್ಲಿಂದ.

ಕನಸು ಬಂದದ್ದು ಮಾತ್ರ ಪರದೇಶದಲ್ಲಿ. 1950ರಲ್ಲಿ ಕಂಪನಿ ಶೂಬರ್ಟರನ್ನು ಸ್ಪೇನಿಗೆ ಕಳಿಸಿತು, ಶೆರ್ರಿ ಮಾಡುವುದನ್ನು ಕಲಿತುಬರಲಿ ಎಂದು. ದಾರಿಯಲ್ಲಿ ಅವರು ಫ್ರಾನ್ಸಿನ ಬೋರ್ಡೋಗೂ ಹೋದರು. ಬೋರ್ಡೋ ಎಂದರೆ ನಮ್ಮ ಮಲೆನಾಡಿನ, ಕರಾವಳಿಯ ಅಡಿಕೆ ಬೆಳೆಗಾರರಿಗೆ ವೈನ್ ನೆನಪಾಗುವುದಿಲ್ಲ. ಮೈಲುತುತ್ತ, ಸುಣ್ಣ ಬೆರೆಸಿದ ನೀಲಿ ದ್ರಾವಣ ನೆನಪಾಗುತ್ತದೆ, ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಹೊಡೆಯುವ ಔಷಧ. ಅದೂ ಹುಟ್ಟಿದ್ದು 1880ರ ದಶಕದಲ್ಲಿ ಅದೇ ಸೀಮೆಯ ದ್ರಾಕ್ಷಿತೋಟಗಳಲ್ಲೇ. ಶೂಬರ್ಟರನ್ನು ಅಲ್ಲಿ ಕರೆದುಕೊಂಡು ಸುತ್ತಾಡಿಸಿದವರು ಕ್ರಿಶ್ಚಿಯನ್ ಕ್ರೂಸ್ ಎಂಬ ಹಿರಿಯ ವೈನ್ ವ್ಯಾಪಾರಿ. 40, 50 ವರ್ಷ ಹಳೆಯ ಕೆಂಪು ವೈನ್‌ಗಳ ಬುಚ್ಚು ತೆಗೆದು ರುಚಿ ತೋರಿಸಿದರು. ತನ್ನ ವಯಸ್ಸಿಗಿಂತ ಹಳೆಯದಾದ ಆ ವೈನ್ ಇನ್ನೂ ಜೀವಂತವಾಗಿರುವುದನ್ನು ಕಂಡು ಬರೋಸಾದ ಹುಡುಗ ದಂಗಾದ. ನಮ್ಮಲ್ಲೂ ಇಂಥದ್ದೊಂದನ್ನು ಮಾಡಬೇಕು, ಕಡೇಪಕ್ಷ 20 ವರ್ಷ ಬಾಳಬೇಕು ಎಂಬ ಹಟ ತಲೆಗೇರಿತು. ಶೆರ್ರಿ ಕಲಿಯಲು ಹೋದವನು ಬೇರೇನನ್ನೋ ಕಲಿತು ಬಂದ.

ಊರಿಗೆ ಮರಳಿದಾಗ ಎದುರಾದದ್ದು ಕೊರತೆಗಳು. ಬೋರ್ಡೋದಲ್ಲಿ ಬಳಸುವ ಕ್ಯಾಬರ್ನೇ ಸೊವಿನ್ಯೋ ದ್ರಾಕ್ಷಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಆಗ ಅಪರೂಪ, ಫ್ರೆಂಚ್ ಓಕ್ ಮರದ ಪೀಪಾಯಿಗಳೂ ಇಲ್ಲ. ಧಾರಾಳವಾಗಿ ಇದ್ದದ್ದು ಶಿರಾಜ್ ದ್ರಾಕ್ಷಿ. ಯುರೋಪಿನ ಬಳ್ಳಿಗಳನ್ನು 19ನೇ ಶತಮಾನದಲ್ಲಿ ನಾಶಮಾಡಿದ ಫಿಲಾಕ್ಸರಾ ಹುಳ ದಕ್ಷಿಣ ಆಸ್ಟ್ರೇಲಿಯಾಕ್ಕೆ ಕಾಲಿಟ್ಟಿರಲಿಲ್ಲ, ಹಾಗಾಗಿ ಶಿರಾಜಿನ ಮುದಿ ಬಳ್ಳಿಗಳು ಅಲ್ಲಿ ಸ್ವಂತ ಬೇರಿನ ಮೇಲೇ ನಿಂತಿದ್ದವು. ಪೀಪಾಯಿಗೆ ಅಮೆರಿಕದ ಓಕ್ ಸಿಕ್ಕಿತು. ನಕಲು ಮಾಡಲು ಸಾಮಗ್ರಿ ಸಿಗದ್ದರಿಂದಲೇ ಅದು ನಕಲಾಗದೆ ಉಳಿಯಿತು ಎಂದು ನನಗನ್ನಿಸುತ್ತದೆ.

1951ರ ಸುಗ್ಗಿ. ಭೂಮಿಯ ಆ ಅರ್ಧದಲ್ಲಿ ದ್ರಾಕ್ಷಿ ಕೊಯ್ಲು ಫೆಬ್ರವರಿ, ಮಾರ್ಚಿಗೆ. ಅರ್ಧ ಶಿರಾಜ್ ಮಗಿಲ್ ತೋಟದ್ದು, ಇನ್ನರ್ಧ ಅಡಿಲೇಡಿನ ದಕ್ಷಿಣಕ್ಕಿರುವ ಮಾರ್ಫೆಟ್ ವೇಲ್‌ನದು. ಕೆಂಪು ವೈನಿನ ಬಣ್ಣ, ಒಗರು ಎಲ್ಲ ಇರುವುದು ಹಣ್ಣಿನ ಸಿಪ್ಪೆಯಲ್ಲಿ. ಆದರೆ ರಸ ಹುದುಗೇಳುವಾಗ ಸಿಪ್ಪೆ ಮೇಲೆ ತೇಲಿ ಕೆನೆಗಟ್ಟಿ ಕೂರುತ್ತದೆ. ಶೂಬರ್ಟ್ ತೊಟ್ಟಿಯೊಳಗೆ ಅಡ್ಡಹಲಗೆ ಬಿಗಿದು ಸಿಪ್ಪೆಯನ್ನು ರಸದಲ್ಲಿ ಮುಳುಗಿಸಿಯೇ ಇಟ್ಟರು. ರಸವನ್ನು ಕೆಳಗಿನಿಂದ ಇಳಿಸಿ, ತಣಿಸಿ, ಮತ್ತೆ ಮೇಲಿನಿಂದ ಸುರಿದರು. ಬಿಸಿ ಏರಿದರೆ ಹುದುಗು ನಾಗಾಲೋಟಕ್ಕೆ ಬೀಳುತ್ತದೆ, ಸಿಪ್ಪೆಯ ಸತ್ವ ಇಳಿಯುವ ಮುನ್ನ ಸಕ್ಕರೆ ಮುಗಿದುಹೋಗುತ್ತದೆ. ತಣ್ಣಗಿಟ್ಟು, ದಿನಕ್ಕಿಷ್ಟೇ ಸಕ್ಕರೆ ಕರಗಬೇಕೆಂದು ಲಗಾಮು ಹಿಡಿದು, 12 ದಿನ ಎಳೆದರು. ಹುದುಗು ಪೂರ್ತಿ ನಿಲ್ಲುವ ಮೊದಲೇ ಒಂದಷ್ಟನ್ನು ಐದು ಹೊಸ ಓಕ್ ಪೀಪಾಯಿಗಳಿಗೆ ಸುರಿದರು. ಉಳಿದದ್ದನ್ನು ಹೋಲಿಸಿ ನೋಡಲೆಂದು ಒಂದು ದೊಡ್ಡ ಹಳೆಯ ಮರದ ತೊಟ್ಟಿಗೆ ಹಾಕಿದರು. ರಸ ಕುದಿಯುತ್ತಿರುವಾಗಲೇ ಹೊಸ ಮರದ ಸಂಗ ಸಿಕ್ಕಿದರೆ ಮರದ ಗಂಧ ವೈನಿನ ಮೇಲೆ ಬಳಿದಂತಿರದೆ ಒಳಗೆ ಹೆಣೆದುಕೊಳ್ಳುತ್ತದೆ. ಅಮೆರಿಕದ ಓಕ್ ವೆನಿಲ್ಲಾದ, ಒಣಕೊಬ್ಬರಿಯ ಘಮ ಬಿಡುತ್ತದೆ. ಒಂದೇ ತಿಂಗಳಲ್ಲಿ ಪೀಪಾಯಿಗೂ ಹಳೆಯ ತೊಟ್ಟಿಗೂ ಅಜಗಜಾಂತರ ಕಂಡಿತು. 18 ತಿಂಗಳಾದ ಮೇಲೆ ಬಾಟಲಿಗೆ ತುಂಬಿ ಹೆಸರಿಟ್ಟರು: ಗ್ರೇಂಜ್ ಹರ್ಮಿಟೇಜ್. ಗ್ರೇಂಜ್ ಮೇರಿಯಮ್ಮನ ಮನೆಯ ಹೆಸರು. ಹರ್ಮಿಟೇಜ್ ಎಂಬುದು ಶಿರಾಜಿಗೆ ಆಸ್ಟ್ರೇಲಿಯನ್ನರು ಆಗ ಬಳಸುತ್ತಿದ್ದ ಇನ್ನೊಂದು ಹೆಸರು.

ಆ ಮೊದಲ ವರ್ಷದ್ದು ಪ್ರಯೋಗವಷ್ಟೇ. ಬಾಟಲಿಗಳಲ್ಲಿ ಹೆಚ್ಚಿನವು ಗೆಳೆಯರಿಗೆ, ಪರಿಚಯದವರಿಗೆ ಪುಕ್ಕಟೆ ಹೋದವು. 1952ರದ್ದು ಮಾರಾಟಕ್ಕೆ ಬಂತು. ವರ್ಷ ವರ್ಷವೂ ಶೂಬರ್ಟ್ ಮಾಡುತ್ತಾ ಹೋದರು, ಮಗಿಲ್‌ನ ಸುರಂಗಗಳಂಥ ನೆಲಮಾಳಿಗೆಗಳಲ್ಲಿ ಬಾಟಲಿ ಪೇರುತ್ತಾ ಹೋಯಿತು.

ಸಿಡ್ನಿಯ ಮುಖ್ಯ ಕಚೇರಿಗೆ ಕಂಡದ್ದು ಆ ಪೇರು. ದುಡ್ಡು ಸುರಿಯುವುದು ಕಾಣುತ್ತದೆ, ಬರುವುದು ಕಾಣುವುದಿಲ್ಲ. 1956ರ ಹೊತ್ತಿಗೆ, ಅದೇನು ನೋಡಿಯೇಬಿಡೋಣ ಎಂದು ಆಡಳಿತ ಮಂಡಳಿ ವೈನ್ ಬಲ್ಲವರನ್ನು, ಗಣ್ಯರನ್ನು, ಗೆಳೆಯರನ್ನು ಸಿಡ್ನಿಯಲ್ಲಿ ಸೇರಿಸಿ ಅಷ್ಟೂ ವರ್ಷದ ಗ್ರೇಂಜನ್ನು ಮುಂದಿಟ್ಟಿತು. ಒಬ್ಬರಿಗೂ ಹಿಡಿಸಲಿಲ್ಲ. ಅಡಿಲೇಡಿನಲ್ಲಿ ಮತ್ತೆ ರುಚಿ ನೋಡಿಸಿದರು, ಅಲ್ಲೂ ಅದೇ ಪಾಡು. ಕಾಡುಹಣ್ಣುಗಳನ್ನೂ ಜಜ್ಜಿದ ಇರುವೆಗಳನ್ನೂ ಕಲಸಿದಂತಿದೆ, ಇರುವೆಯದೇ ಮೇಲುಗೈ ಎಂದರು ಒಬ್ಬರು. ಚಗಳಿ ಚಟ್ನಿ ತಿಂದು ಬೆಳೆದ ಮಲೆನಾಡಿಗರು ಇದನ್ನು ಹೊಗಳಿಕೆ ಎಂದೇ ತಿಳಿಯಬಹುದು, ಆದರೆ ಸಿಡ್ನಿಯ ಆ ಮಹಾಶಯರ ಇಂಗಿತ ಅದಾಗಿರಲಿಲ್ಲ. ಇನ್ನೊಬ್ಬರು ಶೂಬರ್ಟರನ್ನು ಅಭಿನಂದಿಸಿ, ಚೆನ್ನಾದ ಪೋರ್ಟ್ ಮಾಡಿದ್ದೀರಿ, ಸಿಹಿಯಿಲ್ಲ ಅಷ್ಟೇ, ಬುದ್ಧಿ ನೆಟ್ಟಗಿರುವ ಯಾರೂ ಇದನ್ನು ಕೊಳ್ಳುವುದೂ ಇಲ್ಲ, ಕುಡಿಯುವುದೂ ಇಲ್ಲ ಎಂದರು. ಶೂಬರ್ಟ್ ಇವನ್ನೆಲ್ಲ ಮರೆಯಲಿಲ್ಲ. 20 ವರ್ಷ ಕಳೆದ ಮೇಲೆ ಒಂದು ಭಾಷಣದಲ್ಲಿ ನೆನಪಿಟ್ಟು ಹೇಳಿದರು.

ಆಡಿಕೊಂಡವರನ್ನು ದೂರುವುದು ಸುಲಭ. ಆದರೆ ಅವರ ನಾಲಿಗೆ ಸುಳ್ಳು ಹೇಳಿರಲಿಲ್ಲ. ಆ ಎಳೆಯ ಗ್ರೇಂಜಿನಲ್ಲಿ ಒಗರು ಬಾಯಿ ಬಿಗಿಯುವಷ್ಟು, ಮರದ ವಾಸನೆ ಮೂಗಿಗೆ ಬಡಿಯುವಷ್ಟು ಇದ್ದಿರಬೇಕು. ಎಳೆ ಅಡಿಕೆಯನ್ನು ಕಚ್ಚಿನೋಡಿದವರಿಗೆ ಒಗರು ಏನೆಂದು ಗೊತ್ತು. ವೈನಿನ ಒಗರಿನ ಕಣಗಳು ಒಂದಕ್ಕೊಂದು ಕೂಡಿ, ದೊಡ್ಡದಾಗಿ, ತಳಕ್ಕೆ ಗಸಿಯಾಗಿ ಕೂತು, ಮೃದುವಾಗಲು ವರ್ಷಗಳೇ ಬೇಕು. ಮುಂದಿಟ್ಟ ಲೋಟದಲ್ಲಿ ಆ ವರ್ಷಗಳು ಇರಲಿಲ್ಲ. ಬೋರ್ಡೋದಲ್ಲಿ 50 ವರ್ಷದ ವೈನ್ ಕುಡಿದು ಬಂದವನೊಬ್ಬನಿಗೆ ಮಾತ್ರ ಅದರಾಚೆಯದು ಕಾಣುತ್ತಿತ್ತು, ಅವನ ಕೈಯಲ್ಲಿ ಅದನ್ನು ತೋರಿಸುವ ಪುರಾವೆ ಏನೂ ಇರಲಿಲ್ಲ.

1957ರ ಸುಗ್ಗಿಗೆ ತುಸು ಮೊದಲು ಸಿಡ್ನಿಯಿಂದ ಲಿಖಿತ ಅಪ್ಪಣೆ ಬಂತು. ಗ್ರೇಂಜ್ ತಯಾರಿಕೆ ನಿಲ್ಲಿಸತಕ್ಕದ್ದು.

ಶೂಬರ್ಟ್ ನಿಲ್ಲಿಸಲಿಲ್ಲ. ಎದುರುತ್ತರವನ್ನೂ ಬರೆಯಲಿಲ್ಲ. ಸಿಡ್ನಿಗೂ ಅಡಿಲೇಡಿಗೂ ಸಾವಿರಕ್ಕೂ ಹೆಚ್ಚು ಕಿಲೋಮೀಟರ್, ಅಷ್ಟು ದೂರ ಇಂಥ ಕೆಲಸಕ್ಕೆ ಸಾಕು. ಪೆನ್‌ಫೋಲ್ಡ್ ಮನೆತನದವರೇ ಆದ ಜೆಫ್ರಿ ಪೆನ್‌ಫೋಲ್ಡ್ ಹೈಲ್ಯಾಂಡ್ ಅಡಿಲೇಡಿನ ಆಡಳಿತದಲ್ಲಿದ್ದರು. ಅವರಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಬೆನ್ನಿಗೆ ನಿಂತರು. ಇದು ಸಣ್ಣ ಮಾತಲ್ಲ. ನೌಕರ ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಆದರೆ ಮನೆಯವನೇ ಸಿಕ್ಕಿಬಿದ್ದರೆ ಹೋಗುವುದು ಇನ್ನೂ ಹೆಚ್ಚಿನದು. 1957, 1958, 1959, ಮೂರು ಸುಗ್ಗಿಗಳಲ್ಲೂ ಸ್ವಲ್ಪ ಸ್ವಲ್ಪವಾಗಿ ಗ್ರೇಂಜ್ ತಯಾರಾಗಿ ಮಗಿಲ್‌ನ ಮಾಳಿಗೆಗಳ ಕತ್ತಲೆ ಸೇರಿತು. ನೂರಾರು ಪೀಪಾಯಿ ಓಡಾಡುವ ವೈನರಿಯಲ್ಲಿ ಒಂದಷ್ಟನ್ನು ಬಚ್ಚಿಡುವುದು ಕಷ್ಟವಲ್ಲ. ಕಷ್ಟವಾದದ್ದು ಹೊಸ ಪೀಪಾಯಿ. ಹೊಸ ಓಕ್ ಕೊಳ್ಳಬೇಕೆಂದರೆ ಬಿಲ್ಲು ಸಿಡ್ನಿಗೆ ಹೋಗುತ್ತದೆ, ಬಿಲ್ಲು ಹೋದರೆ ಗುಟ್ಟೂ ಹೋಗುತ್ತದೆ. ಹಾಗಾಗಿ ಆ ಮೂರು ವರ್ಷ ಹಿಂದೆ ಬಳಸಿದ ಪೀಪಾಯಿಗಳಲ್ಲೇ ಸುಧಾರಿಸಿದರು. ಗ್ರೇಂಜಿನ ಜೀವಾಳವೆನಿಸಿದ ಹೊಸ ಮರದ ಗಂಧ ಆ ವರ್ಷಗಳಿಗೆ ದಕ್ಕಲಿಲ್ಲ, ಆ ಕೊರತೆಯನ್ನು ಶೂಬರ್ಟರೇ ಒಪ್ಪಿಕೊಂಡಿದ್ದರು. ಓಫಾರೆಲ್ ಅವರ ಮನೆಬಾಗಿಲಿಗೆ ಹೋದ ಬಾಟಲಿಯಲ್ಲಿ ಇದ್ದದ್ದು ಇದೇ ಕಳ್ಳ ಬಸುರಿನ ಕೂಸು.

ಈ ನಡುವೆ ಮಾಳಿಗೆಯಲ್ಲಿ ಮಲಗಿದ್ದ ಮೊದಲಿನ ವರ್ಷಗಳ ವೈನ್ ತನ್ನ ಪಾಡಿಗೆ ತಾನು ಪಳಗುತ್ತಿತ್ತು. ಒಗರು ಇಳಿಯಿತು, ಮರದ ಗಂಧ ಹಣ್ಣಿನೊಳಗೆ ಕರಗಿತು. 1960ರಲ್ಲಿ ಆಡಳಿತ ಮಂಡಳಿ 1951 ಮತ್ತು 1955ರ ಬಾಟಲಿಗಳನ್ನು ಮತ್ತೊಮ್ಮೆ ಸವಿದುನೋಡಿತು. ಯಾವುದನ್ನು ಇರುವೆ ಎಂದು ಉಗುಳಿದ್ದರೋ ಅದೇ ಈಗ ಹಿತವೆನಿಸಿತು. ಆ ವರ್ಷದ ಸುಗ್ಗಿಗೆ ಮೊದಲು ಮತ್ತೊಂದು ಅಪ್ಪಣೆ ಹೊರಟಿತು: ಗ್ರೇಂಜ್ ತಯಾರಿಕೆ ಶುರುವಾಗಲಿ, ದುಡ್ಡಿಗೆ ಚಿಂತೆ ಬೇಡ. ನಿಲ್ಲದೇ ಇದ್ದದ್ದನ್ನು ಶುರುಮಾಡುವುದು ಹೇಗೆ ಎಂಬ ಪ್ರಶ್ನೆಗೆ ಶೂಬರ್ಟ್ ಒಳಗೊಳಗೇ ನಕ್ಕಿರಬೇಕು.

ಆಮೇಲಿನದು ಗೆಲುವಿನ ಕತೆ, ಗೆಲುವಿನ ಕತೆಯಲ್ಲಿ ಹೇಳುವುದಕ್ಕೆ ಅಷ್ಟು ಇರುವುದಿಲ್ಲ. 1962ರಲ್ಲಿ ಸಿಡ್ನಿ ವೈನ್ ಶೋನಲ್ಲಿ 1955ರ ಗ್ರೇಂಜಿಗೆ ಚಿನ್ನದ ಪದಕ. ಮುಂದಿನ ವರ್ಷಗಳಲ್ಲಿ ಆ ಒಂದೇ ಇಸವಿಯ ವೈನ್ 50ಕ್ಕೂ ಹೆಚ್ಚು ಚಿನ್ನ ಬಾಚಿತು. 1971ರದ್ದು 1979ರಲ್ಲಿ ಪ್ಯಾರಿಸಿನ ಗೋ-ಮಿಯೋ ಸ್ಪರ್ಧೆಯಲ್ಲಿ ಫ್ರೆಂಚರ ಸ್ವಂತ ದ್ರಾಕ್ಷಿಯೇ ಆದ ಶಿರಾಜಿನ ವಿಭಾಗದಲ್ಲೇ ಮೊದಲ ಸ್ಥಾನಕ್ಕೇರಿತು. ಶೂಬರ್ಟ್ 1975ರಲ್ಲಿ ನಿವೃತ್ತರಾದರು, 1994ರಲ್ಲಿ ತೀರಿಕೊಂಡರು. ಮರುವರ್ಷ ಅಮೆರಿಕದ ವೈನ್ ಸ್ಪೆಕ್ಟೇಟರ್ ಪತ್ರಿಕೆ 1990ರ ಗ್ರೇಂಜನ್ನು ವರ್ಷದ ವೈನ್ ಎಂದು ಆರಿಸಿತು. ಹೆಸರಿನಿಂದ ಹರ್ಮಿಟೇಜ್ ಕಳಚಿಬಿದ್ದದ್ದೂ ಆ 1990ರ ಬಾಟಲಿಯಿಂದಲೇ. ಅದು ತಮ್ಮ ಬೆಟ್ಟದ ಹೆಸರು ಎಂಬುದು ಫ್ರೆಂಚರ ಹಕ್ಕು, ಯುರೋಪಿನೊಂದಿಗಿನ ಒಪ್ಪಂದದಂತೆ ಆಸ್ಟ್ರೇಲಿಯಾ ಬಿಟ್ಟುಕೊಟ್ಟಿತು. ಪುಕ್ಕಟೆ ಹಂಚಿದ್ದ 1951ರ ಬಾಟಲಿಗಳಲ್ಲಿ ಇಂದು ಉಳಿದಿರುವುದು ಕೆಲವೇ ಕೆಲವು. 2020ರಲ್ಲಿ ಅಂಥದ್ದೊಂದು ಹರಾಜಿನಲ್ಲಿ 1 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಾಟಿತು.

ಮನೆಯ ವಿಚಾರಕ್ಕೆ ಬಂದರೆ, ಗ್ರೇಂಜ್ ಎಂಬ ಹೆಸರು ಆ ಕಲ್ಲಿನ ಮನೆಯದೇ ಆದರೂ ಗ್ರೇಂಜ್ ವೈನ್ ಆ ತೋಟಕ್ಕೆ ಅಂಟಿಕೊಂಡದ್ದಲ್ಲ. ಬೋರ್ಡೋದ ಪ್ರತಿಷ್ಠಿತ ವೈನ್‌ಗಳಿಗೆ ಮಣ್ಣೇ ಕುಲಗೋತ್ರ. ಗ್ರೇಂಜಿಗೆ ಹಾಗಿಲ್ಲ. ಬರೋಸಾದ ಕಲಿಮ್ನಾ ತೋಟದಿಂದ ಹಿಡಿದು ಬೇರೆ ಬೇರೆ ಸೀಮೆಗಳ ಶಿರಾಜನ್ನು ಆರಿಸಿ, ಕೆಲವೊಮ್ಮೆ ತುಸು ಕ್ಯಾಬರ್ನೇ ಸೇರಿಸಿ ಕೂಡಿಸುತ್ತಾರೆ. ಮಗಿಲ್ ಅಂತೂ ಬಡವಾಯಿತು. 1976ರಲ್ಲಿ ಕಂಪನಿ ಪೆನ್‌ಫೋಲ್ಡ್ ಮನೆತನದ ಕೈಬಿಟ್ಟು ಒಂದು ಬಿಯರ್ ಕಂಪನಿಯ ಪಾಲಾಯಿತು, ಅಲ್ಲಿಂದ ಇನ್ನೊಬ್ಬರಿಗೆ. 1980ರ ದಶಕದಲ್ಲಿ ತೋಟದ ಬಹುಪಾಲು ಸೈಟುಗಳಾಗಿ ಮಾರಾಟವಾಯಿತು. ಈಗ ಬಳ್ಳಿ ಉಳಿದಿರುವುದು ಸುಮಾರು 5 ಹೆಕ್ಟೇರಿನಲ್ಲಿ, ಸುತ್ತಲೂ ಮನೆಗಳ ಹೆಂಚು. ಕಲ್ಲಿನ ಮನೆ ಇದೆ. ಮಾಳಿಗೆಗಳೂ ಇವೆ, ನೋಡಲು ಜನ ಬರುತ್ತಾರೆ.

1991ರಿಂದ ಕಂಪನಿ ಒಂದು ಬಗೆಯ ಕ್ಲಿನಿಕ್ ನಡೆಸುತ್ತಾ ಬಂದಿದೆ. ಡಾಕ್ಟರರು ಕಟ್ಟಿದ ಕಂಪನಿಗೆ ಒಪ್ಪುವ ಹೆಸರು. 15 ವರ್ಷಕ್ಕಿಂತ ಹಳೆಯ ಪೆನ್‌ಫೋಲ್ಡ್ಸ್ ಕೆಂಪು ವೈನ್ ಇದ್ದವರು ಬಾಟಲಿ ಎತ್ತಿಕೊಂಡು ಹೋಗಬಹುದು. ಅಜ್ಜನ ಕಾಲದ್ದು, ಮದುವೆಗೆ ಉಡುಗೊರೆ ಬಂದದ್ದು, ಮಗ ಹುಟ್ಟಿದಾಗ ಕೊಂಡು ಎತ್ತಿಟ್ಟದ್ದು. ಬಾಟಲಿ ತೆಗೆದುಕೊಂಡು ಮೊದಲು ಬೆಳಕಿಗೆ ಹಿಡಿಯುತ್ತಾರೆ, ವೈನ್ ಕೆಳಗಿಳಿದಿದ್ದರೆ ಬುಚ್ಚು ತೆಗೆದು ಒಂದು ಗುಟುಕು ರುಚಿ ನೋಡುತ್ತಾರೆ. ಚೆನ್ನಾಗಿದ್ದರೆ ಇಳಿದಷ್ಟನ್ನು ತುಂಬಿ, ಹೊಸ ಕಾರ್ಕ್ ಒತ್ತಿ, ಸಹಿ ಮಾಡಿದ ಪ್ರಮಾಣಪತ್ರ ಅಂಟಿಸಿ ಕೊಡುತ್ತಾರೆ, ಹರಾಜಿನಲ್ಲಿ ಅದಕ್ಕೆ ಬೆಲೆ. ಕಾಲ ಮೀರಿಹೋಗಿದ್ದರೆ ಸಾದಾ ಕಾರ್ಕ್ ಹಾಕಿ, ಪ್ರಮಾಣಪತ್ರವಿಲ್ಲದೆ ಬಾಟಲಿಯನ್ನು ವಾಪಸು ಕೈಗಿಡುತ್ತಾರೆ. ಒಯ್ದವರು ಅದನ್ನು ಮನೆಗೆ ತಂದು ಅಂದೇ ರಾತ್ರಿ ಕುಡಿದು ಮುಗಿಸುವುದು ಒಳ್ಳೆಯದು.